ಅತ್ತೆಯ ಮುಸ್ಸಂಜೆ, ಇಲಿಗಳ ನಡುರಾತ್ರಿ

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಉರಿಗಾಂನ ನಮ್ಮ ಚಿನ್ನದ ಗಣಿ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಹದಿನಾರು ಬಿಳಿ ಇಲಿಗಳು ವಾಸವಾಗಿದ್ದವು. ಹನ್ನೆರಡು ಹೆಣ್ಣು, ನಾಲ್ಕು ಗಂಡು. ಮುಂದಿನ ಕೋಣೆಯಲ್ಲಿ ನಾನು, ನನ್ನ ಗಂಡ; ಪಕ್ಕದ ಸಣ್ಣ ಕೋಣೆಯಲ್ಲಿ ಅತ್ತೆ. ಸೊಸೆ ಯಾರ ಆರೋಗ್ಯಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿದ್ದಳು ಎಂಬುದನ್ನು ಅತ್ತೆ ಆಮೇಲೆ ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ನಾನು ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಐದು ವರ್ಷವಾಗಿತ್ತು. ತೋರಿಸಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಡಿಸೆಂಬರಿನೊಳಗೆ ಏನಾದರೂ ಫಲಿತಾಂಶ ಕೊಡದಿದ್ದರೆ ನೋಂದಣಿ ರದ್ದಾಗುತ್ತದೆ ಎಂದು ಬೆಂಗಳೂರಿನ ಗೈಡ್ ಮೇಡಂ ಹೇಳಿಬಿಟ್ಟಿದ್ದರು.

ನಾವು ಓದಿದ್ದು, ಹುಡುಗರಿಗೆ ಓದಿಸುತ್ತಿದ್ದದ್ದು ಒಂದೇ ಪಾಠ: ಮೆದುಳಿನ ನರಕೋಶ ಹುಟ್ಟುವಾಗ ಬಂದಷ್ಟೇ, ಹೋದದ್ದು ಹೋಯಿತು. ನನ್ನಂಥ ಚಿಂತೆಯ ಹೆಂಗಸಿಗೆ ಆ ಪಾಠವೇ ಒಂದು ಶಿಕ್ಷೆ. ಪ್ರತಿ ತಲೆನೋವಿಗೂ ಎಷ್ಟು ಕೋಶ ಸತ್ತವೋ ಎಂದು ದುಃಖ ಪಡುತ್ತಿದ್ದೆ. ಹೀಗಿರುವಾಗ ಮೇಡಂ ಕೊಟ್ಟ ಲೇಖನಗಳಲ್ಲಿ ಬೇರೆಯೇ ಸುದ್ದಿ ಇತ್ತು. ಬೆಳೆದ ಇಲಿಯ ಮೆದುಳಿನಲ್ಲೂ, ವಾಸನೆ ಹಿಡಿಯುವ ಭಾಗಕ್ಕೆ ಹೊಸ ನರಕೋಶಗಳು ಹುಟ್ಟಿ ಬಂದು ಸೇರುತ್ತಲೇ ಇರುತ್ತವಂತೆ! ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಅದನ್ನು ಓದಿದವಳಿಗೆ ಕೂರಲಾಗಲಿಲ್ಲ. ರೈಲು ಬರುವ ತನಕ ಪ್ಲಾಟ್‌ಫಾರಂ ಉದ್ದಕ್ಕೂ ನಡೆದೆ. ಹಾಗಾದರೆ ಗಂಡಿನ ವಾಸನೆ, ಗಂಡಿನ ಕೂಟ ಆ ಹೊಸ ಕೋಶಗಳನ್ನು ಹೆಚ್ಚಿಸುತ್ತದೆಯೇ? ಅದರಲ್ಲೂ, ಹೆಣ್ಣು ತನಗೆ ಬೇಕೆನಿಸಿದಾಗ ಹೋಗಿ, ಸಾಕೆನಿಸಿದಾಗ ವಾಪಸು ಬರುವಂತಿದ್ದರೆ? ಇದೇ ನನ್ನ ಪ್ರಶ್ನೆಯಾಯಿತು.

ಅದಕ್ಕೊಂದು ಗೂಡು ಬೇಕಿತ್ತು. ನಡುವೆ ತಗಡಿನ ಅಡ್ಡಗೋಡೆ, ಅದರಲ್ಲಿ ಸಣ್ಣ ಹೆಣ್ಣು ತೂರುವಷ್ಟು, ದಪ್ಪ ಗಂಡು ತೂರಲಾಗದಷ್ಟು ಒಂದು ತೂತು. ನನ್ನ ಗಂಡ ಗಣಿಯ ಶಾಫ್ಟಿನಲ್ಲಿ ಫಿಟ್ಟರ್. ತಗಡು ಕೊಯ್ದು, ತೂತಿನ ಅಂಚಿಗೆ ಅರ ಹಾಕಿ ನುಣ್ಣಗೆ ಮಾಡಿ, ಒಂದು ಗಂಡನ್ನು ಬಿಟ್ಟು ಪರೀಕ್ಷಿಸಿದರು. ಅದು ತಲೆ ತೂರಿಸಲು ನೋಡಿ, ಮೂತಿಯಷ್ಟೇ ಈಚೆ ಹಾಕಿ ನಿಂತಿತು.

"ಪಾಪ," ಎಂದರು ಗಂಡ, ನನ್ನ ಕಡೆ ನೋಡದೆ.

ಇಲಿಗಳು ಚುರುಕಾಗುವುದು ಕತ್ತಲಲ್ಲಿ. ಆದ್ದರಿಂದ ಅವುಗಳ ಹಗಲು ರಾತ್ರಿಯನ್ನು ತಿರುಗಿಸಿದೆ. ಕಿಟಕಿಗೆ ಕಪ್ಪು ಕಂಬಳಿ ಹೊಡೆದು, ರಾತ್ರಿಯೆಲ್ಲ ಲೈಟು ಉರಿಸಿ, ಬೆಳಿಗ್ಗೆ ಒಂಬತ್ತಕ್ಕೆ ಆರಿಸಿ ಕಾಲೇಜಿಗೆ ಹೋಗುತ್ತಿದ್ದೆ. ನೋಡಬೇಕಾದಾಗ ಇಲಿಗಳ ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಮಂದ ಕೆಂಪು ಬಲ್ಬು. "ಶಾಫ್ಟಿಗೆ ಇಳಿದ್ರೂ ಕತ್ಲು, ಮನೆಗೆ ಬಂದ್ರೂ ಕತ್ಲು," ಎಂದು ಗಂಡ ಗೊಣಗಿದರು. ಅತ್ತೆಗೆ ನಾನು ಹೇಳಿದ್ದು ಒಂದೇ ಮಾತು: "ಆ ಕೋಣೆ ಒಳಗೆ ಮಾತ್ರ ಹೋಗಬೇಡಿ."

ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಬೆದೆ ಬರಬೇಕು. ದಿನಾ ಬೆಳಿಗ್ಗೆ ಒಂದೊಂದರಿಂದ ಯೋನಿಯ ದ್ರವದ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೆದೆಯ ಚಕ್ರ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ನನ್ನ ಹೆಣ್ಣುಗಳಿಗೆ ಆ ಚಕ್ರವೇ ಇರಲಿಲ್ಲ. ಒಂದಕ್ಕೆ ಎಂಟು ದಿನವಾದರೂ ಇಲ್ಲ, ಇನ್ನೊಂದಕ್ಕೆ ಬಂದದ್ದು ಹೋಗುತ್ತಲೇ ಇಲ್ಲ. ಗಂಡಿನ ಹತ್ತಿರ ಬಿಟ್ಟರೆ ಮೂಲೆಯಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಿದ್ದವು. ಒಂದು ತಿಂಗಳು ಹೀಗೇ ಕಳೆಯಿತು.

ಚಿಂತಿಸುವುದರಲ್ಲಿ ನನಗೆ ಸಾಟಿ ಇಲ್ಲ. ನೀರಿನ ಬಗ್ಗೆ ಚಿಂತಿಸಿದೆ. ಗಣಿಯ ಮಣ್ಣುಗುಡ್ಡೆಯಿಂದ ಹಾರಿ ಬರುವ ಧೂಳಿನ ಬಗ್ಗೆ, ಕಡಲೆಕಾಯಿ ಹಿಂಡಿಯ ಬಗ್ಗೆ, ನನ್ನ ಕೈಗೆ ಅಂಟಿದ ಬೆಳ್ಳುಳ್ಳಿ ವಾಸನೆಯ ಬಗ್ಗೆ, ಬೆಂಗಳೂರಿನಿಂದ ರೈಲಿನಲ್ಲಿ ತರುವಾಗ ಇಲಿಗಳಿಗೆ ಆದ ಅವಮಾನದ ಬಗ್ಗೆಯೂ. ಏನಾಗಿತ್ತೋ ಅದೊಂದನ್ನು ಬಿಟ್ಟು ಬೇರೆಲ್ಲದರ ಬಗ್ಗೆ ಚಿಂತಿಸಿದ್ದೆ.

ಸಾಮಾನ್ಯವಾಗಿ ನಾನು ಸಂಜೆ ರೈಲು ಹಿಡಿದು ಮನೆ ಸೇರುವಾಗ ಎಂಟು ಗಂಟೆ. ಅದೊಂದು ದಿನ ಕಾಲೇಜನ್ನು ಸ್ವಲ್ಪ ಬೇಗ ಬಿಟ್ಟರು; ಆರೂವರೆಗೇ ಮನೆಗೆ ಬಂದೆ. ದೇವರ ಮುಂದೆ ದೀಪ ಉರಿಯುತ್ತಿತ್ತು, ಊದುಬತ್ತಿಯ ವಾಸನೆ. ಇಲಿಗಳ ಕೋಣೆಯ ಬಾಗಿಲ ಸಂದಿಯಲ್ಲಿ ಝಗಝಗ ಬೆಳಕು.

"ಅತ್ತೇ! ಕೋಣೇಲಿ ಲೈಟ್ ಹಾಕಿದ್ದು ಯಾರು?"

"ನಾನೇ ಕಣಮ್ಮ."

"ಒಳಗೆ ಹೋಗಬೇಡಿ ಅಂದಿದ್ನಲ್ಲ!"

"ಒಳಿಕ್ಕೆ ಎಲ್ಲಿ ಓದೆ? ಬಾಗ್ಲಾಗೆ ನಿಂತ್ಕಂಡು ಕೈ ಮಾತ್ರ ಆಕಿ ಸ್ವಿಚ್ ಒತ್ತಿದ್ದು. ದೀಪ ಅಚ್ಚೋ ಒತ್ನಾಗೆ ಮನೇಲಿ ಒಂದು ಕೋಣೆ ಕತ್ಲಾಗಿದ್ರೆ ಒಳ್ಳೇದಾ? ಲಕ್ಷ್ಮಿ ಬರೋ ಒತ್ತು."

"ಎಷ್ಟು ದಿನದಿಂದ?"

"ಅವು ಬಂದಾಗ್ನಿಂದ. ಅರ್ಧ ಗಂಟೆ ಬಿಟ್ಟು ಆರಿಸ್ತೀನಿ. ಶುಕ್ರವಾರ ಇನ್ನೂ ಸ್ವಲ್ಪ ಜಾಸ್ತಿ ಬಿಡ್ತೀನಿ," ಎಂದರು ಅತ್ತೆ. ನನ್ನ ಮುಖ ನೋಡಿ ಮೆತ್ತಗೆ ಸೇರಿಸಿದರು, "ಪಾಪ, ಅವಕ್ಕೂ ಒಳ್ಳೇದಾಗ್ಲಿ ಅಂತ."

ನಾನು ಬಾಗಿಲ ಸಂದಿಯಲ್ಲಿ ಕೈ ಹಾಕಿ ಸ್ವಿಚ್ ಆರಿಸಿದೆ. ಅಳು ಬರಬೇಕಿತ್ತು, ನಗು ಬಂತು. ಕಾರಣ ಸಿಕ್ಕಿತ್ತಲ್ಲ! ಬೆಳಕಿನ ಲೆಕ್ಕ ತಪ್ಪಿದರೆ ಇಲಿಗೆ ಬೆದೆಯ ಲೆಕ್ಕವೂ ತಪ್ಪುತ್ತದೆ. ನೀರಲ್ಲ, ಧೂಳಲ್ಲ, ಬೆಳ್ಳುಳ್ಳಿಯಲ್ಲ.

"ಅತ್ತೆ, ಅವಕ್ಕೆ ಈಗ ನಡುರಾತ್ರಿ. ನೀವು ಮಲಗಿರುವಾಗ ದಿನಾ ಒಬ್ಬರು ಬಂದು ಮುಖಕ್ಕೆ ಟಾರ್ಚ್ ಬಿಟ್ಟರೆ ಹೇಗಿರುತ್ತೆ?"

"ಬಿಡ್ತಾನಲ್ಲ ನನ್ ಮಗ, ಸೆಕೆಂಡ್ ಶಿಫ್ಟ್ ಮುಗಿಸ್ಕಂಡು ಬಂದಾಗೆಲ್ಲ. ನಾನೇನು ಸತ್ತೋದ್ನಾ?"

ಕೊನೆಗೆ ಒಂದು ರಾಜಿಯಾಯಿತು. ಸ್ವಿಚ್ಚಿಗೆ ಪ್ಲಾಸ್ಟರ್ ಅಂಟಿಸುವುದು, ಬಾಗಿಲ ಬುಡಕ್ಕೆ ಗೋಣಿಚೀಲ ಒತ್ತುವುದು, ಲಕ್ಷ್ಮಿಗೆ ಹೊಸ್ತಿಲಿನ ಈಚೆ ಒಂದು ಎಣ್ಣೆದೀಪ. ಎರಡು ವಾರಕ್ಕೆ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಪಾಠದ ಪುಸ್ತಕದಲ್ಲಿರುವಂತೆಯೇ ದಿನಕ್ಕೊಂದು ರೂಪ ತಾಳತೊಡಗಿದವು. ಅಷ್ಟು ಹೊತ್ತಿಗೆ ದಸರಾ ರಜೆಯೂ ಬಂತು.

ಮೊದಲ ದಿನ ಮಧ್ಯಾಹ್ನ ಕೆಂಪು ಬಲ್ಬಿನ ಕೆಳಗೆ ನಾನು ನೋಟ್‌ಬುಕ್ ಹಿಡಿದು ಕೂತೆ. ತಾನೂ ನೋಡಬೇಕು ಎಂದು ಹಟ ಹಿಡಿದು ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡರು. ಹೆಣ್ಣು ತೂತಿನ ಹತ್ತಿರ ಬಂತು. ಮೂಸಿತು. ಕಿವಿ ಪಟಪಟ ನಡುಗಿಸಿತು. ಛಂಗನೆ ತೂರಿ ಆಚೆ ಹೋಯಿತು! ನನ್ನ ಪೆನ್ನು ಕೈಜಾರಿ ಬಿತ್ತು. ಗಂಡು ಹತ್ತಿದ್ದೇ ತಡ ಮತ್ತೆ ಈಚೆ ಓಡಿಬಂದು ಮೈ ನೆಕ್ಕಿಕೊಂಡಿತು. ಗಂಡಿನ ಮೂತಿ ತೂತಿನಲ್ಲಿ ಸಿಕ್ಕಿಕೊಂಡು ಮೀಸೆ ಅಲ್ಲಾಡಿಸುತ್ತಿತ್ತು. ಒಂದು ನಿಮಿಷ ಸುಧಾರಿಸಿಕೊಂಡು, ಯಾರೂ ಕರೆಯದೆ, ಹೆಣ್ಣು ಮತ್ತೆ ಹೊರಟಿತು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಎಂಥ ಗಯ್ಯಾಳಿ ನೋಡು! ಇಂಥ ತೂತು ನಮಗೂ ಒಂದು ಇದ್ದಿದ್ರೆ!"

ಇನ್ನೊಂದು ಗೂಡಿಗೆ ಅಡ್ಡಗೋಡೆ ಇರಲಿಲ್ಲ. ಅಲ್ಲಿಯ ಹೆಣ್ಣು ಒದ್ದಿತು, ತಿರುಗಿತು, ಹೋಗಲು ಜಾಗವಿಲ್ಲದೆ ಸುಮ್ಮನಾಯಿತು. ಅತ್ತೆಯ ನಗು ನಿಂತಿತು.

"ಇದುಕ್ಕೂ ಒಂದು ತಗಡು ಕೊಯ್ಯಕ್ಕೇಳು ಅವನಿಗೆ."

"ಆಗಲ್ಲ ಅತ್ತೆ. ಎರಡೂ ಥರ ಬೇಕು. ವ್ಯತ್ಯಾಸ ಗೊತ್ತಾಗಬೇಕಲ್ಲ."

"ಯತ್ಯಾಸ ತಿಳ್ಕಳಕ್ಕೆ ಇಲಿ ಯಾಕಮ್ಮ? ನನ್ನ ಕೇಳು, ಏಳ್ತೀನಿ."

ನಾನು ಕೇಳಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ. ಅವರೂ ಅದನ್ನು ಮತ್ತೆ ಎತ್ತಲಿಲ್ಲ. ಆದರೆ ರಜೆ ಮುಗಿಯುವ ತನಕ ತಗಡಿನ ಗೂಡಿನ ಎದುರು ತಪ್ಪದೆ ಕೂತರು. ಹೆಣ್ಣು ತೂತು ದಾಟಿದಾಗಲೆಲ್ಲ ಒಂದು ಹುಣಿಸೆಬೀಜ ಬಟ್ಟಲಿಗೆ ಹಾಕುತ್ತಿದ್ದರು. ನನ್ನ ಬರಹಕ್ಕಿಂತ ಅವರ ಬಟ್ಟಲೇ ಹೆಚ್ಚು ಸರಿಯಾಗಿರುತ್ತಿತ್ತು.

ಹೊಸದಾಗಿ ಹುಟ್ಟುವ ಕೋಶವನ್ನು ಗುರುತು ಮಾಡುವ ಔಷಧಿಯನ್ನು ಕೂಟದ ದಿನವೇ ಚುಚ್ಚಿ, ಎರಡು ವಾರ ಕಾದು, ಹೆಣ್ಣುಗಳನ್ನು ಬೆಂಗಳೂರಿಗೆ ಒಯ್ದೆ. ಅಲ್ಲಿ ಅವನ್ನು ಕೊಂದು ಮೆದುಳು ತೆಗೆದೆವು; ಆ ಕೆಲಸದಲ್ಲಿ ನಡೆಯುವಂಥದ್ದೇ. ಮನೆಯಲ್ಲಿ ಅದನ್ನು ಹೇಳಿದಾಗ ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನವೆಂಬರ್ ಕೊನೆಯಲ್ಲಿ ಮೇಡಂ ಸ್ಲೈಡು ಇಟ್ಟು ನನ್ನನ್ನು ಕರೆದರು. ಮಸುಕು ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ, ಸಾರಿನಲ್ಲಿ ಸಿಡಿದ ಸಾಸಿವೆಯ ಹಾಗೆ. ಬೆಳೆದ ಇಲಿಯ ಮೆದುಳಿನಲ್ಲಿ ಹೊಸದಾಗಿ ಹುಟ್ಟಿದವು! ನನ್ನ ಉಸಿರಿಗೆ ಕನ್ನಡಕ ಮಂಜಾಗಿ, ಒರೆಸಿ ಒರೆಸಿ ನೋಡಿದೆ. ತಾವೇ ಹೊತ್ತು ಆರಿಸಿಕೊಂಡ ಹೆಣ್ಣುಗಳಲ್ಲಿ ಚುಕ್ಕೆಗಳು ಹೆಚ್ಚಿದ್ದವು. "ಹೆಚ್ಚಿದ್ದಂತಿದೆ," ಎಂದು ಮೇಡಂ ತಿದ್ದಿದರು. "ಇಷ್ಟೇ ಇಲಿಯಿಂದ ಖಚಿತ ಹೇಳೋಕಾಗಲ್ಲ. ಆದರೆ ನೋಂದಣಿ ಉಳಿಸೋಕೆ ಇದು ಸಾಕು. ಇನ್ನೊಂದು ತಂಡ ಮಾಡು."

ಉರಿಗಾಂ ಸ್ಟೇಷನ್ನಿನಿಂದ ಮನೆ ತನಕ ಓಡಿದೆ ಎಂದೇ ಹೇಳಬೇಕು. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ: ನೋಂದಣಿ ಉಳಿಯಿತು, ಚುಕ್ಕೆ ಕಂಡಿತು, ಇನ್ನೂ ಹನ್ನೆರಡು ಹೆಣ್ಣು ಬೇಕು, ಈ ಸಲವೂ ಕೆಟ್ಟರೆ ಏನು ಗತಿ, ಜಾಗ ಸಾಲದಿದ್ದರೆ, ಕರೆಂಟು ಹೋದರೆ.

ಅತ್ತೆ ಕೇಳಿದ್ದು ಒಂದೇ. "ವಯಸ್ಸಾಗಿರೋ ಇಲಿಗೂ ಉಟ್ತಾವಾ, ಒಸಾವು?"

"ಕಡಿಮೆ. ಆದರೆ ಹುಟ್ತವೆ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವು ಮಲಗುತ್ತಿದ್ದ ಸಣ್ಣ ಕೋಣೆಯಿಂದ ರಾಗಿ ಡ್ರಮ್ಮನ್ನು ಉರುಳಿಸಿಕೊಂಡು ಹೊರಗೆ ತರತೊಡಗಿದರು.

"ನೋಡ್ತಾ ನಿಂತಿದ್ದೀಯಲ್ಲ, ಆ ಕಡೆ ಇಡ್ಕೋ. ಇಲ್ಲಿ ಆರು ಗೂಡು ಇಡಿಸ್ತಾವೆ."