ಅಮ್ಮನ ಫೋನು ತೆರೆದವರು

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂತೆ ಒಂದು ಗುರುತಿತ್ತು. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊಬೈಲುಗಳ ಹೊಟ್ಟೆ ಬಗೆಯುತ್ತಿದ್ದುದರ ಫಲ ಅದು. ಬೊಮ್ಮಸಂದ್ರದ ಬಸ್ ನಿಲ್ದಾಣದ ಹಿಂದೆ, ಜ್ಯೂಸ್ ಅಂಗಡಿಗೆ ಅಂಟಿಕೊಂಡು ಅವರ ರಿಪೇರಿ ಅಂಗಡಿ. ಶಿಫ್ಟ್ ಮುಗಿಸಿ ಬರುವ ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರು ಮೀಸೆ ಚಿಗುರದವರನ್ನೂ ಸಾರ್ ಎನ್ನುತ್ತಿದ್ದರು.

ಅವಸರ ಅವರಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, "ಬಸ್ಸು ಇನ್ನೊಂದು ಬತ್ತದೆ ಸಾರ್, ಕೂತ್ಕಳಿ" ಎಂದು ಸ್ಟೂಲು ತಳ್ಳುತ್ತಿದ್ದರು. ಗಿರಾಕಿಯ ಫೋನನ್ನು ಕಂಪ್ಯೂಟರಿಗೆ ಜೋಡಿಸಿದರೆ ಮಾನಿಟರನ್ನು ಅವನ ಕಡೆಗೇ ತಿರುಗಿಸಿ, ಮೌಸ್ ಕೈಗೆ ಕೊಟ್ಟು, ತಾವು ಟೀ ಕುಡಿಯಲು ಎದ್ದು ಹೋಗುತ್ತಿದ್ದರು. "ಬ್ಯಾರೆಯೋರ ಮನೆ ಬೀರು ಇದ್ದಂಗೆ ಅದು. ನಾನ್ಯಾಕೆ ನೋಡ್ಲಿ?" ಸ್ವಂತ ಅಂಗಡಿಗಿಂತ ಟೀ ಅಂಗಡಿಯಲ್ಲೇ ಜಾಸ್ತಿ ಇರುತ್ತಾರೆಂದು ನಾವು ರೇಗಿಸುತ್ತಿದ್ದೆವು.

ಅಮ್ಮ ತೀರಿಕೊಂಡ ಮೇಲೆ ಅವಳ ಫೋನು ಹಿಡಿದು ನಾಲ್ಕಾರು ಅಂಗಡಿ ಸುತ್ತಿದ್ದೆ. ಬೇಗೂರಿನ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದ ಅವಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಅದರಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಫೋನು ಬಿದ್ದು ಅದರ ಡಿಸ್‌ಪ್ಲೇ ಕಪ್ಪಾಗಿತ್ತು. ಮೆಮೊರಿ ಕಾರ್ಡಿನಲ್ಲಿ ಹುಡುಕಿದರೆ ಏನೂ ಇರಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಬೇಕು, ಇದ್ದುದೆಲ್ಲ ಅಳಿಸಿಹೋಗುತ್ತದೆ ಎಂದೇ ಎಲ್ಲರೂ ಹೇಳಿದ್ದರು.

ಅಣ್ಣ ಫೋನು ಆನ್ ಮಾಡಿ ಅಂಗೈಯಲ್ಲಿಟ್ಟುಕೊಂಡರು. ಅದು ಒಮ್ಮೆ ಗುಂಯ್ ಎಂದು ನಡುಗಿತು.

"ಗಾಜು ಓಗೈತೆ ಅಷ್ಟೆ ಸಾರ್. ಒಳಗಿರೋದು ಒಳಗೇ ಐತೆ."

ಬೇರೊಂದು ಡಿಸ್‌ಪ್ಲೇಯನ್ನು ಆ ಹೊತ್ತಿಗೆಂದು ಸಿಕ್ಕಿಸಿ, ಕೇಬಲ್ ಜೋಡಿಸಿದರು. ಕಂಪ್ಯೂಟರಿನಲ್ಲಿ ಫೋನಿನ ಹೆಸರು ಬಂತು. ಒತ್ತಿದರೆ ಒಳಗೆ ಖಾಲಿ. ನಾನು ಮತ್ತೆ ಮತ್ತೆ ಒತ್ತಿದೆ.

"ಗಾಬರಿ ಬೀಳ್ಬೇಡಿ. ಈಗ ಬರೀ ಚಾರ್ಜ್ ಆಗ್ತೈತೆ. ಫೈಲ್ ತೋರ್ಸು ಅಂತ ಫೋನ್‌ನಾಗೆ ಒಪ್ಪಿಗೆ ಕೊಡ್ಬೇಕು" ಎಂದು ಡಿಸ್‌ಪ್ಲೇಯ ಮೇಲೆ ಬೆರಳಿಟ್ಟರು. ಫೋಲ್ಡರುಗಳು ಒಂದೊಂದಾಗಿ ಮೂಡಿದವು. ಮಾನಿಟರನ್ನು ನನ್ನ ಕಡೆ ತಿರುಗಿಸಿ ಅವರು ಹೊರಗೆ ಹೋದರು. ಮೊದಲ ಹಾಡಿನ ನಡುವೆಯೇ ಅಮ್ಮ ಕೆಮ್ಮಿ, ತನ್ನನ್ನು ತಾನೇ ಬೈದುಕೊಂಡು, ಮತ್ತೆ ಶುರು ಮಾಡಿದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣನ ಟೀ ಅಂದು ಬಹಳ ಹೊತ್ತು ಮುಗಿಯಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

ಕೆಲವು ವರ್ಷಗಳ ನಂತರ, ಅಣ್ಣ ಡೆಂಗ್ಯೂ ಬಂದು ಹೋಗಿಬಿಟ್ಟರೆಂದು ಜ್ಯೂಸ್ ಅಂಗಡಿಯವನು ಹೇಳಿದ. ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ತೊಟ್ಟಿಲು ತೂಗುತ್ತಾ ಕೂತಿದ್ದರು.

"ಊರೋರ ಫೋನೆಲ್ಲ ಸರಿ ಮಾಡೋರು. ಅವ್ರದು ಮಾತ್ರ ಅಳೇ ಬಟನ್ ಫೋನು, ಅದ್ರಾಗೆ ಏನೂ ಇಲ್ಲ. ಮಗಂಗೆ ತೋರ್ಸಾಕೆ ಫೋಟೊ ಐತೆ. ಅಪ್ಪ ಎಂಗೆ ಮಾತಾಡ್ತಿದ್ರು ಅಂತ ಮಗ ಕೇಳಿದ್ರೆ ಏನು ಕೇಳಿಸ್ಲಿ ಅಣ್ಣ?" ಎಂದು ನನ್ನನ್ನೇ ಕೇಳಿದರು.

ಆಗ ನನಗೆ ಹೊಳೆಯಿತು. ಅಂದು ಕೇಬಲ್ ಜೋಡಿಸುವ ಮೊದಲು, ಮೈಕು ಸರಿಯಿದೆಯೇ ಎಂದು ನೋಡಲು ಅಣ್ಣ ಅಮ್ಮನ ಫೋನಿನಲ್ಲೇ ಮಾತಾಡಿ ರೆಕಾರ್ಡ್ ಮಾಡಿದ್ದರು. ಹಾಡುಗಳ ಜೊತೆ ಅದೂ ಕಾಪಿಯಾಗಿ ಬಂದಿತ್ತು. ಎಲ್ಲವೂ ನನ್ನ ಫೋನಿನಲ್ಲಿದ್ದವು. ಹುಡುಕಿ ಆಕೆಯ ಕೈಗೆ ಕೊಟ್ಟೆ.

"ಅಲೋ... ಅಲೋ... ಕೇಳ್ತೈತಾ?"

ಅಮ್ಮನನ್ನು ಅಷ್ಟು ಹೊತ್ತು ಕೇಳಿಸಿದವರ ದನಿ ನನ್ನ ಬಳಿ ಇದ್ದದ್ದು ಅಷ್ಟೇ. ಆಕೆ ಮತ್ತೆ ಮತ್ತೆ ಹಾಕಿಸಿ ಕೇಳಿದರು. ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೆ, "ಮುಂದಕ್ಕೆ ಇಲ್ವಾ ಅಣ್ಣ?" ಎಂದರು.