ತಲೆಗೆ ಏರಿದ ಪುಂಡಿಪಲ್ಯ

ನಮ್ಮ ಪೆರುಂಗುಡಿ ಆಫೀಸಿನಲ್ಲಿ ಒಬ್ಬ ಗಾಂಜಾ ಪಂಡಿತನಿದ್ದ. ಮೈಸೂರು ಕಡೆಯವನು. ಸೇದಿದವನಲ್ಲ, ಬೆಳೆದವನಂತೂ ಅಲ್ಲವೇ ಅಲ್ಲ. ಅವನ ಕೈಯಲ್ಲಿ ಮೆಂತ್ಯವೂ ಮೊಳೆತಿರಲಿಲ್ಲ. ಎಲ್ಲ ಮೊಬೈಲಿನಲ್ಲಿ ಓದಿದ ವಿದ್ಯೆ. ದಿನವೂ ಊಟದ ಹೊತ್ತಿಗೆ ನಮಗೆ ಅವನ ಪ್ರವಚನ ಕೇಳುವ ಭಾಗ್ಯವಿತ್ತು, ಯಾಕೆಂದರೆ ಬೇರೆ ಮೇಜು ಖಾಲಿ ಇರುತ್ತಿರಲಿಲ್ಲ.

ಆಗ ಅವ್ವ ಕಲಬುರಗಿ ಕಡೆಯಿಂದ ನಮ್ಮ ಅಣ್ಣಾ ನಗರ್ ಮನೆಗೆ ಬಂದು ಆರು ತಿಂಗಳಾಗಿತ್ತು. ತಮಿಳು ಬಾರದು. ಅವಳು ಕನ್ನಡದಲ್ಲಿ ಕೇಳಿದರೆ ನನ್ನ ಮಗಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ನಾನು ಆಫೀಸಿನಲ್ಲಿರುತ್ತೇನೆ. ಹೀಗಾಗಿ ಅವ್ವ ಮನಬಿಚ್ಚಿ ಮಾತಾಡುತ್ತಿದ್ದದ್ದು ಬಾಲ್ಕನಿಯ ಕುಂಡದ ಜೊತೆ. ಊರಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಪುಂಡಿಪಲ್ಯದ ಬೀಜ ಅದರಲ್ಲಿ ಹಾಕಿದ್ದಳು. ನಮ್ಮ ಕಡೆ ಸೊಪ್ಪಿಗೂ ಪಲ್ಯ ಎನ್ನುತ್ತೇವೆ. ನಾನು ಪುಂಡಿಯನ್ನು ಬೆಂದು ನುಣ್ಣಗಾಗಿ ರೊಟ್ಟಿಯ ಪಕ್ಕ ಕೂತಾಗ ಮಾತ್ರ ಕಂಡವನು, ಗಿಡವಾಗಿ ಕಂಡವನಲ್ಲ.

ಎದುರಿನ ಕಟ್ಟಡ ಬಿಸಿಲನ್ನೆಲ್ಲ ನುಂಗುತ್ತಿತ್ತು. ಗಿಡ ಪೊದೆಯಾಗುವ ಬದಲು ಸಣಕಲಾಗಿ ಉದ್ದಕ್ಕೆ ಜಗ್ಗಿತು. ಯಾಕೆ ಹೀಗೆ ಎಂದು ಕೇಳಲು ಫೋಟೊ ತೆಗೆದು ಪಂಡಿತನಿಗೆ ತೋರಿಸಿದೆ. ಅಷ್ಟು ಬುದ್ಧಿವಂತ ನಾನು.

“ಪುಂಡಿನೂ ಅಲ್ಲ, ಮಣ್ಣೂ ಅಲ್ಲ ಗುರು. ಎಲೆ ನೋಡು, ಬೆರಳು ಬೆರಳಾಗಿ ಸೀಳಿದೆ. ಗಾಂಜಾನೇ! ಯಾರೋ ನಿಮ್ಮಮ್ಮಂಗೆ ಬೀಜ ಬದಲಾಯಿಸಿ ಕೊಟ್ಟಿದಾರೆ,” ಎಂದ. ಫೋಟೊ ಹಿಗ್ಗಿಸಿ ಮುಂದುವರಿಸಿದ: “ಗಿಣ್ಣಿಂದ ಗಿಣ್ಣಿಗೆ ಎಷ್ಟು ದೂರ ಇದೆ ನೋಡು. ಇದಕ್ಕೆ ಸ್ಟ್ರೆಚ್ ಅಂತಾರೆ. ಉದ್ದ ಬೆಳೆಯೋದು ತಲೆಗೆ ಏರತ್ತೆ, ಗಿಡ್ಡ ಇರೋದು ಮಲಗಿಸತ್ತೆ.”

ಮೊಸರನ್ನ ಮುಗಿಯುವಷ್ಟರಲ್ಲಿ ತೀರ್ಪು ತಿದ್ದುಪಡಿಯಾಯಿತು. “ಆದ್ರೆ ಇಷ್ಟು ಜಗ್ಗಿದ್ರೆ ಹೂ ಸಡಿಲ ಆಗತ್ತೆ. ಕ್ವಾಲಿಟಿ ಸುಮಾರು.”

ಅಂದರೆ ನಾನು ಜೈಲಿಗೆ ಹೋಗುವುದೂ ಕಳಪೆ ಮಾಲಿಗಾಗಿ.

ಶನಿವಾರ ಬೆಳಿಗ್ಗೆ ಅವ್ವ ದೇವಸ್ಥಾನಕ್ಕೆ ಹೋದಾಗ ಗಿಡವನ್ನು ಬೇರುಸಹಿತ ಕಿತ್ತೆ. ಕಪ್ಪು ಕವರಿನಲ್ಲಿ ತುರುಕಿ, ಹೆಲ್ಮೆಟ್ ಹಾಕಿಕೊಂಡು ಟಿ. ನಗರದವರೆಗೆ ಹೋಗಿ ಕಸದ ತೊಟ್ಟಿಗೆ ಹಾಕಿ ಬಂದೆ. ಮನೆಯೆದುರಿನ ತೊಟ್ಟಿಗೆ ಹಾಕಲು ನಾನೇನು ದಡ್ಡನೇ?

ವಾಪಸು ಬಂದಾಗ ಬಾಗಿಲಲ್ಲಿ ಕೆಳಮನೆಯ ಮಾಮಿ ನಿಂತಿದ್ದರು, ತಲೆಮಾರುಗಳಿಂದ ಈ ಊರಿನವರೇ ಆದ ಅಯ್ಯಂಗಾರ್ ಹೆಂಗಸು. ಕೈಯಲ್ಲಿ ಖಾಲಿ ಪಾತ್ರೆ. “ಪುಳಿಚ್ಚ ಕೀರೈ ತರೇನ್ನು ಅಮ್ಮಾ ಸೊನ್ನಾಂಗಳೇ,” ಎಂದರು. ಹುಳಿ ಸೊಪ್ಪು ಕೊಡುತ್ತೇನೆಂದು ಅವ್ವ ಹೇಳಿದ್ದಳಂತೆ. ಹೇಳಿದ್ದು ಯಾವ ಭಾಷೆಯಲ್ಲಿ? ಕೈಸನ್ನೆಯಲ್ಲಿ. ಎಲೆಯೊಂದನ್ನು ಇಬ್ಬರೂ ಜಗಿದು, ಹುಳಿಗೆ ಮುಖ ಕಿವುಚಿ, ನಕ್ಕು ಸ್ನೇಹಿತರಾಗಿದ್ದರಂತೆ. ಈ ಊರಿನಲ್ಲಿ ಅವ್ವನಿಗೆ ದಕ್ಕಿದ ಮೊದಲ ಗೆಳತಿ, ಅದೂ ಈ ಗಿಡದಿಂದ.

ಅವ್ವ ಬಂದು ಖಾಲಿ ಕುಂಡ ನೋಡಿದಳು. ನಾನು ಗಾಂಜಾ, ಪೊಲೀಸು, ಸ್ಟ್ರೆಚ್, ಉದ್ದದ್ದು ತಲೆಗೆ ಏರುವುದು, ಎಲ್ಲ ವಿವರಿಸಿದೆ. ಅವಳು ಬೈಯಲಿಲ್ಲ.

“ಕೀಳೂಕಿಂತ ಮೊದ್ಲ ಒಂದ್ ಎಲಿ ಬಾಯಾಗ ಹಾಕ್ಕೊಂಡ್ ನೋಡಬಾರದಿತ್ತೇನಪಾ? ಇಲ್ಲಾ, ನನ್ನರ ಕೇಳಬಾರದಿತ್ತೇನು?”

ನನಗೆ ನಾಚಿಕೆಯಾಯಿತು. ಹೆತ್ತವಳು ಪುಂಡಿ ಎಂದಿದ್ದಳು. ನಾನು ಮೆಂತ್ಯ ಬೆಳೆಯಲಾರದವನನ್ನು ನಂಬಿದ್ದೆ. ಆಮೇಲೆ ನಾನೂ ಓದಿದೆ. ಬೆಳಕು ಸಾಲದಿದ್ದರೆ ಗಾಂಜಾವೂ ಜಗ್ಗುತ್ತದೆ, ಅವರೆಯೂ ಜಗ್ಗುತ್ತದೆ. ಕಾಂಡವೂ ಹೂವೂ ಬಡವಾಗುತ್ತವೆ. ಅಮಲು ಎಂಥದೆಂದು ಎತ್ತರ ನೋಡಿ ಹೇಳಲಾಗದು. ಇಷ್ಟೆಲ್ಲ ಜ್ಞಾನ ಸಿಕ್ಕಿದ್ದು ಗಿಡ ಕಿತ್ತ ಮೇಲೆ.

ಊರಿಂದ ತಂದ ಬೀಜಗಳಲ್ಲಿ ನಾಲ್ಕೇ ಉಳಿದಿದ್ದವು. ಅವ್ವ ಅವನ್ನು ನಮ್ಮ ಬಾಲ್ಕನಿಯಲ್ಲಿ ಹಾಕಲಿಲ್ಲ. ಕುಂಡ ಮಾಮಿಯ ಮನೆಗೆ ಹೋಯಿತು. ಅವರ ಹಿತ್ತಿಲ ಕಡೆ ಒಳ್ಳೆಯ ಬಿಸಿಲು. ಕುಂಡದ ಹಿಂದೆ ಅವ್ವನೂ ಹೋದಳು. ಈಗ ಮಧ್ಯಾಹ್ನವಿಡೀ ಅಲ್ಲೇ ಇರುತ್ತಾಳೆ. ಗಿಡ ಗಿಡ್ಡಗೆ, ದಟ್ಟವಾಗಿ ಬಂತು.

ಮೊದಲ ಪಲ್ಯ ಮಾಡಿದ ದಿನ ಮೇಲೆ ತಂದು ನನ್ನ ತಟ್ಟೆಗೆ ಬಡಿಸಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ.

“ಉಣ್ಣಪಾ, ಅಂಜಬ್ಯಾಡ,” ಎಂದಳು. “ಇದು ಗಿಡ್ಡಂದು. ತಲಿಗೆ ಏರೂದಿಲ್ಲ.”