ಎರಡು ಸಲ ಒದ್ದೆಯಾದ ತಲೆ

ನನ್ನ ಅಣ್ಣ ಪಾದ್ರಿಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನವೇ ಅವನು ಕ್ರೈಸ್ತ ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಎಬ್ಬಿಸಿದವಳು ನಮ್ಮ ಮಾವ್ಶಿ, ಅಂದರೆ ಅಮ್ಮನ ತಂಗಿ. ಅದೂ ಮೈಕಿನಲ್ಲಿ.

ಅಣ್ಣ ಎಂದರೆ ಅರೆಗಳಿಗೆಯ ಅಣ್ಣ. ನಾವು ಅವಳಿಗಳು. ಅವನದು ಬೈಂದೂರಿನ ಕಡೆ, ಕಿರಿಮಂಜೇಶ್ವರ ದಾಟಿದ ಮೇಲೆ ಸಿಗುವ ಒಂದು ಸಣ್ಣ ಇಗರ್ಜಿ, ಅಂದರೆ ಚರ್ಚು. ನನ್ನದು ಕುಂದಾಪುರದ ಕೋಡಿಯಲ್ಲಿ ದೋಣಿ ಎಂಜಿನ್ ರಿಪೇರಿಯ ಅಂಗಡಿ. ಶಿಶುಗಳಾಗಿದ್ದಾಗ ನಮ್ಮನ್ನು ಬೇರೆ ಬೇರೆಯಾಗಿ ಗುರುತಿಸುವುದು ಅಮ್ಮನಿಂದಲೂ ಆಗುತ್ತಿರಲಿಲ್ಲವಂತೆ. ಈಗ ಕಷ್ಟವಿಲ್ಲ. ಅಣ್ಣನ ತಲೆ ಪೂರ್ತಿ ಬೋಳು, ನನ್ನ ಉಗುರಿನ ತುಂಬ ಗ್ರೀಸು.

ಅಣ್ಣನ ಆ ಸಂಭ್ರಮಕ್ಕೆ ಮಾವ್ಶಿ ಬ್ರಹ್ಮಾವರದಿಂದ ಬಂದಿದ್ದಳು. ಎಂಬತ್ತು ದಾಟಿದವಳು, ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಹುಟ್ಟಿದ ಹೊಸದರಲ್ಲಿ ನಮಗೆ ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿಸುವ ಜ್ಞಾನಸ್ನಾನ ಮಾಡಿಸಿದಾಗ ಅಣ್ಣನನ್ನು ಎತ್ತಿಕೊಂಡವಳು ಅಜ್ಜಿ, ನನ್ನನ್ನು ಎತ್ತಿಕೊಂಡವಳು ಮಾವ್ಶಿ. ಹಾಗಾಗಿ ಅವಳು ನನ್ನ ಧರ್ಮತಾಯಿ. ಊಟಕ್ಕೆ ಮುಂಚಿನ ಸಭೆಯಲ್ಲಿ ಮನೆಯ ಹಿರಿಯಳೆಂದು ಅವಳನ್ನೂ ಎರಡು ಮಾತಾಡಲು ಕರೆದರು. ಅವಳು ಮೈಕು ಹಿಡಿದು ವೇದಿಕೆಯ ಮೇಲಿದ್ದ ಅಣ್ಣನನ್ನು ನೋಡಿದಳು, ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದಳು, ಮತ್ತೆ ಅಣ್ಣನನ್ನು ನೋಡಿದಳು.

"ಈಗ್ಳ್ ಸಮಾ ಕಾಣ್ತ್" ಎಂದಳು. "ಹೇಳ್ದೆ ಸತ್ರೆ ನಂಗೆ ಮೋಕ್ಷ ಇಲ್ಲೆ. ಇವ್ರಿಗೆ ಜ್ಞಾನಸ್ನಾನ ಮಾಡ್ಸಿದ್ ದಿನ ಒಬ್ನಿಗೇ ಎರಡ್ ಸಲ ಆಯ್ತ್. ಇನ್ನೊಬ್ನಿಗೆ ಆಯ್ಲೇ ಇಲ್ಲೆ. ಯಾರಿಗ್ ಆಯ್ತ್, ಯಾರಿಗ್ ಆಯ್ಲಿಲ್ಲೆ ಅಂದೇಳಿ ನಂಗೂ ಗೊತ್ತಿಲ್ಲೆ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಕಾರ್ಯಕ್ರಮ ನಡೆಸುತ್ತಿದ್ದವನು "ಅಜ್ಜಿಯ ತಮಾಷೆಗೆ ಜೋರಾದ ಚಪ್ಪಾಳೆ" ಎಂದು ಮೈಕು ತೆಗೆದುಕೊಂಡ. ಚಪ್ಪಾಳೆ ಬಿತ್ತು. ನಗದವರು ಇಬ್ಬರೇ. ಮಾವ್ಶಿ ತನ್ನ ಜನ್ಮದಲ್ಲಿ ಒಂದೇ ಒಂದು ತಮಾಷೆ ಮಾಡಿದ್ದಿಲ್ಲ ಎಂಬುದು ನಮ್ಮಿಬ್ಬರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಣ್ಣನ ಫೋನು. ನಮ್ಮ ಮನೆಮಾತು ಕೊಂಕಣಿ, ಆದರೆ ಗಾಬರಿಯಾದಾಗ ನಮ್ಮ ಮನೆಯವರೆಲ್ಲ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತೇವೆ.

"ಹ್ವಾಯ್, ಪೂಜೆಗೆ ಜನ ಬಂದ್ ಕೂಕಂಡಿದ್ರ್. ನಾನ್ ಎಂತ ಮಾಡುದ್?"

"ಪೂಜೆ ಮಾಡ್."

"ಜ್ಞಾನಸ್ನಾನ ಆಗ್ದಿದ್ದವ ಪಾದ್ರಿ ಆಪುಕೆ ಆತಿಲ್ಲೆ ಮಾರಾಯಾ. ನಾನ್ ಪಾದ್ರಿ ಅಲ್ದಿದ್ರೆ ಇಷ್ಟ್ ವರ್ಷ ನಾನ್ ಕೇಳಿ ಕ್ಷಮ್ಸಿದ್ ಜನ್ರ ಪಾಪ ಎಲ್ಲ ಹಾಂಗೇ ಬಾಕಿ ಇತ್ತಲ್ದಾ?"

"ಅವ್ರ್ ಅದೇ ಪಾಪನ ಮತ್ತೆ ಮಾಡಿರ್ತ್ರ್ ಬಿಡ್" ಎಂದೆ. ಸಮಾಧಾನಕ್ಕೆ ಹೇಳಿದ್ದು. ಅವನು ಫೋನು ಇಟ್ಟುಬಿಟ್ಟ. ಆ ದಿನ ಪೂಜೆ ಬಿಟ್ಟು ಬರೀ ಜಪಮಾಲೆ ಹೇಳಿಸಿ ಜನರನ್ನು ಕಳಿಸಿದನಂತೆ. ಪಾದ್ರಿಗೆ ಹುಷಾರಿಲ್ಲವೆಂದು ಸಂಜೆಯೊಳಗೆ ಮನೆಗೆ ಗಂಜಿ, ಎಳನೀರು, ಕಷಾಯ ಎಲ್ಲ ಬಂತಂತೆ.

ಅದೇ ದಿನ ಮಧ್ಯಾಹ್ನದ ಬಸ್ಸಿನಲ್ಲಿ ನಾವಿಬ್ಬರೂ ಬ್ರಹ್ಮಾವರಕ್ಕೆ ಹೋದೆವು. ಮಾವ್ಶಿ ಹಗುರಾಗಿದ್ದಳು. ಗುಟ್ಟನ್ನು ನಮ್ಮ ಮೇಲೆ ಹೊರಿಸಿ ಚೆನ್ನಾಗಿ ನಿದ್ದೆ ಮಾಡಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳು ಎಂದ ಅಣ್ಣ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅವಳು ಅಡುಗೆಮನೆಯಿಂದ ಹುಳಿಗೆ ಹಾಕುವ ದಪ್ಪ ಸೌತೆಕಾಯಿ ಎರಡು ತಂದು, ಎರಡಕ್ಕೂ ಬೈರಾಸು ಸುತ್ತಿ, ಬೆಂಚಿನ ಮೇಲೆ ಮಲಗಿಸಿದಳು.

"ಇದ್ ಇಗರ್ಜಿಯ ಬೆಂಚ್. ಆಟಿ ತಿಂಗ್ಳ ಮಳೆ. ಅಬ್ಬೆ, ಅಂದ್ರೆ ನಿಮ್ಮಜ್ಜಿ, ಒಂದ್ ಶಿಶು ಎತ್ಕಂಡ್ ಹೋಯಿ ತಲೆಗೆ ನೀರ್ ಹಾಕ್ಸ್ಕಂಡ್ ಬಂದ್ಲ್. ಇಲ್ಲಿ ಮಲ್ಗ್ಸಿದ್ಲ್. ಆಮೇಲೆ ಪಾದ್ರಿ ನನ್ನ ಕರದ್ರ್. ನಂಗೆ ಗಡಿಬಿಡಿ ಆಯ್ತ್. ಸಿಕ್ಕಿದ್ ಎತ್ಕಂಡ್ ಹೋದೆ. ನೀರ್ ಹಾಕುವಾಗ ಕಾಣ್ತೆ, ತಲೆ ಮುಂಚೆಯೇ ಒದ್ದಿ! ಪಾದ್ರಿ ಹಚ್ಚಿದ್ ಎಣ್ಣೆ ಪರಿಮಳ ಬೇರೆ!"

"ಆಗ್ಳೇ ಹೇಳುಕಾಗ್ದಾ?" ಎಂದ ಅಣ್ಣ.

"ಅಬ್ಬೆ ಅಲ್ಲೇ ನಿಂತಿದ್ಲ್. ಕೊಂದೇ ಹಾಕ್ತಿದ್ಲ್."

"ಮಾಡಿನ ಹಂಚಿಂದ ಮಳೆನೀರ್ ಬಿದ್ದ್ ಒದ್ದಿ ಆದ್ದಾ ಕಾಣ್ಕ್" ಎಂದು ನಾನು ಒಂದು ದಾರಿ ತೋರಿಸಿದೆ.

"ಮಳೆನೀರಿಗೆ ಎಣ್ಣೆ ಪರಿಮಳ ಬತ್ತಾ?" ಎಂದಳು ಮಾವ್ಶಿ.

ಅಣ್ಣ ಎದ್ದು ಒಂದು ಸೌತೆಕಾಯಿಯ ತಲೆಗೆ ನೀರು ಹಾಕಿ ಮಲಗಿಸಿದ. ಮಾವ್ಶಿಗೆ ಹಿಂದೆ ಮಾಡಿದಂತೆಯೇ ಮಾಡು ಎಂದ. ಅವಳು ಪಡಸಾಲೆಯ ಆ ತುದಿಯಿಂದ ಗಾಬರಿಯಲ್ಲಿ ಓಡಿಬಂದು ಒಂದನ್ನು ಎತ್ತಿಕೊಂಡಳು. ಒದ್ದೆಯಾದದ್ದೇ. ಇನ್ನೊಮ್ಮೆ ಮಾಡಿಸಿದ. ಮತ್ತೆ ಅದೇ. ಆ ಬದಿ ಅವಳ ಬಲಗೈಗೆ ಹತ್ತಿರವಾಗುತ್ತಿತ್ತು. ಆದರೆ ಆ ದಿನ ಮನೆಗೆ ಬಂದ ಮೇಲೆ ಯಾವ ಶಿಶುವನ್ನು ಯಾವ ಹೆಸರಿನಿಂದ ಕರೆದರು ಎಂದು ಕೇಳಿದ್ದಕ್ಕೆ ಅವಳು, "ಯಾವ ಶಿಶು ಮೊದ್ಲ್ ಕೂಗಿತೋ ಅವ್ನೇ ದೊಡ್ಡವ ಅಂದ್ಲ್ ನಿಮ್ಮಮ್ಮ" ಎಂದಳು. ಅಲ್ಲಿಗೆ ತನಿಖೆ ಮುಗಿಯಿತು. ಹೊರಡುವಾಗ ಎರಡೂ ಸೌತೆಕಾಯಿಗಳನ್ನು ನಮಗೇ ಕೊಟ್ಟಳು. ನೀರು ಹಾಕಿದ್ದು ಯಾವುದೆಂದು ಅಷ್ಟರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಣ್ಣ ಬಿಷಪರಿಗೆ ಎಲ್ಲ ತಿಳಿಸಿದ. ಉತ್ತರ ಬರುವ ತನಕ ರಜೆ ಹಾಕಿ, ಬೇರೆ ಪಾದ್ರಿಯೊಬ್ಬರನ್ನು ಪೂಜೆಗೆ ಗೊತ್ತು ಮಾಡಿದ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಹೋದದ್ದು ನನ್ನದೇ ಸಂಕಟ. ನಾನು ಎಂಥ ಕ್ರೈಸ್ತನಾಗಿದ್ದೆ? ಆಯಿತ್ವಾರ ಇಗರ್ಜಿಗೆ ಹೋಗುತ್ತಿದ್ದೆ, ಆದರೆ ಒಳಗಲ್ಲ. ಹೊರಗೆ ಸ್ಕೂಟರುಗಳ ಹತ್ತಿರ ನಾಲ್ಕು ಜನರೊಡನೆ ನಿಂತು ಮೀನಿನ ದರ ಮಾತಾಡುತ್ತಿದ್ದೆ. ಪರಮಪ್ರಸಾದದ ಗಂಟೆಯಾದಾಗ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಧರ್ಮವೆಂದರೆ ನನಗೆ ಮೂಗಿನ ಹಾಗೆ. ಹುಟ್ಟುವಾಗಲೇ ಬಂದದ್ದು, ನೆಗಡಿಯಾದಾಗ ಮಾತ್ರ ನೆನಪಾಗುವುದು. ಈಗ ಮೂಗು ನನ್ನದೇ ಹೌದೋ ಅಲ್ಲವೋ ಎಂದು ಯಾರೋ ಕೇಳಿದಂತಾಗಿತ್ತು.

ತೀರ್ಮಾನವಾಗುವ ತನಕ ಸುಮ್ಮನಿರೋಣವೆಂದು ಆ ಆಯಿತ್ವಾರ ಅಂಗಡಿ ತೆರೆದು ಕುಳಿತೆ. ಮೀನು ಮಾರುವ ಅಕ್ಕ ಒಬ್ಬರು ಗಂಡನ ಜೊತೆ ಎಂಜಿನ್ ತೆಗೆದುಕೊಂಡು ಹೋಗಲು ಬಂದರು.

"ಹ್ವಾಯ್, ಇವತ್ ಇಗರ್ಜಿಗ್ ಹೋಯ್ಲಿಲ್ಯಾ?"

"ನಾನ್ ಕ್ರಿಶ್ಚನ್ ಹೌದಾ ಅಲ್ದಾ ಅಂದೇಳಿ ಗೊತ್ತಾತಿಲ್ಲೆ ಅಕ್ಕ" ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಆಕೆ ಗಂಡನ ಮುಖ ನೋಡಿದರು. "ಸಾಕ್ ಮಾರಾಯ್ರೆ. ಮೊದ್ಲ್ ಎಂಜಿನ್ ಸುರು ಮಾಡಿ ತೋರ್ಸಿ."

ನಾನು ಎಂಜಿನ್ ಸುರುಮಾಡುವ ಹಗ್ಗ ಹಿಡಿದೆ. ಆಗಲೇ ನನ್ನ ಬಲಗೈ ತಾನಾಗಿ ಹಣೆಗೆ ಹೋಗಿ ನಿಂತಿತು. ಎಳೆಯುವ ಮುಂಚೆ ಪ್ರತಿ ಸಲವೂ ನಾನು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆನಂತೆ. ನನಗೇ ಗೊತ್ತಿರಲಿಲ್ಲ. ಹಕ್ಕಿಲ್ಲದ್ದನ್ನು ಮಾಡಬಾರದೆಂದು ಕೈ ಇಳಿಸಿ ಹಗ್ಗ ಎಳೆದೆ. ಎಂಜಿನ್ ಸುರುವಾಗಲಿಲ್ಲ. ಮತ್ತೆ ಎಳೆದೆ. ಇಲ್ಲ. ಪ್ಲಗ್ ಬಿಚ್ಚಿ ಒರೆಸಿ ಎಳೆದೆ. ಇಲ್ಲ.

"ಅದ್ ಹಾಕ್ಲಿಲ್ಲೆ ನೀವ್" ಎಂದರು ಅಕ್ಕ, ಹಣೆ, ಎದೆ, ಭುಜ ಮುಟ್ಟಿ ತೋರಿಸುತ್ತ. "ಅದ್ ಹಾಕಿ."

"ಎಂಜಿನಿಗೂ ಅದ್ಕೂ ಸಂಬಂಧ ಇಲ್ಲೆ ಅಕ್ಕ."

"ನಮ್ಗೆ ಇತ್ತ್. ಅದ್ ಹಾಕ್ದೆ ಕೊಟ್ರೆ ನಾವ್ ಎಂಜಿನ್ ಕೊಂಡ್ಹೋಪುದಿಲ್ಲೆ" ಎಂದರು ಗಂಡ. ಮನೆಯಲ್ಲಿ ದೈವಕ್ಕೆ ದೀಪ ಹಚ್ಚಿ ಬಂದ ಮನುಷ್ಯ, ನನ್ನ ಶಿಲುಬೆಗಾಗಿ ಹಟ ಹಿಡಿದು ಡ್ರಮ್ಮಿನ ಮೇಲೆ ಕುಳಿತುಬಿಟ್ಟರು. ಆಚೆ ಬಲೆ ಕಟ್ಟುತ್ತಿದ್ದವರೂ ಬಂದು ನಿಂತರು. "ಹಾಕಿ ಮಾರಾಯ್ರೆ, ನಿಮ್ಗ್ ಎಂತ ಖರ್ಚಾತ್ತ್?" ಎಂದು ಬೊಬ್ಬೆ.

ನಾನು ಹಾಕಿಕೊಂಡೆ. ಎಂಜಿನ್ ಆಗಲೂ ಸುರುವಾಗಲಿಲ್ಲ. ಪೆಟ್ರೋಲಿನಲ್ಲಿ ನೀರು ಸೇರಿತ್ತು. ಅದನ್ನು ಚೆಲ್ಲಿ ಹೊಸದು ಹಾಕಿದ ಮೇಲೆ ಒಂದೇ ಎಳೆತಕ್ಕೆ ಗುಡುಗಿತು. ಅವರೆಲ್ಲ ನನ್ನ ಕಡೆ ಗೆದ್ದವರ ಹಾಗೆ ನೋಡಿದರು.

ಎಲ್ಲರೂ ಹೋದ ಮೇಲೆ ನಾನು ಅದೇ ಡ್ರಮ್ಮಿನ ಮೇಲೆ ಕುಳಿತೆ. ಕೈ ಹಣೆಗೆ ಹೋಗಿ ಅಲ್ಲೇ ತಡೆದು ನಿಂತ ಆ ಕ್ಷಣ ಬಿಡದೆ ಕಾಡುತ್ತಿತ್ತು. ಅನ್ನದ ತುತ್ತು ಬಾಯಿಯ ಹತ್ತಿರ ತಂದು ಇಳಿಸಿದ ಹಾಗಿತ್ತು ಅದು. ಹಸಿವಿದೆ ಎಂದು ನನಗೆ ಗೊತ್ತಾದದ್ದು ಆಗ. ಬಾಯಿಪಾಠದ ಪ್ರಾರ್ಥನೆ ಯಾವುದೂ ಬರಲಿಲ್ಲ. ಸ್ವಂತ ಮಾತಿನಲ್ಲಿ, ಬದುಕಿನಲ್ಲಿ ಮೊದಲ ಸಲ, "ಯೇಸುವೇ, ನಾನು ಯಾರೆಂದು ನನ್ನ ಮಾವ್ಶಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ನನ್ನನ್ನು ಇಟ್ಟುಕೋ" ಎಂದೆ. ಮಾತಿನಲ್ಲಿ ಉತ್ತರ ಬರಲಿಲ್ಲ. ಆದರೆ ಎಷ್ಟೋ ವರ್ಷದಿಂದ ಇನ್ನೊಬ್ಬರ ಅಂಗಿ ಹಾಕಿಕೊಂಡಿದ್ದವನಿಗೆ ತನ್ನ ಅಳತೆಯದು ಸಿಕ್ಕಿದ ಹಾಗೆ ಮೈ ಸಡಿಲವಾಯಿತು. ಅಳು ಬಂತು. ಕಣ್ಣೊರೆಸಿಕೊಂಡು ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡೆ. ಮುಂದಿನ ಆಯಿತ್ವಾರ ಸ್ಕೂಟರುಗಳನ್ನು ದಾಟಿ ಒಳಗೆ ಹೋಗಿ ಕುಳಿತೆ. ಹೊರಗಿದ್ದ ಗೆಳೆಯರು ನನಗೆ ಕಾಯಿಲೆಯೆಂದು ಎಣಿಸಿದರು.

ಬಿಷಪರು ನಮ್ಮನ್ನು ಕುಂದಾಪುರದ ಒಬ್ಬ ನಿವೃತ್ತ ಧರ್ಮಗುರುಗಳ ಹತ್ತಿರ ಕಳಿಸಿದರು. ಅವರು ಎಲ್ಲ ಕೇಳಿ, ಸೌತೆಕಾಯಿಯ ಭಾಗವನ್ನು ಎರಡನೇ ಸಲ ಹೇಳಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಥದ್ದಕ್ಕೆ ಧರ್ಮಸಭೆಯಲ್ಲಿ ದಾರಿ ಇದೆ ಎಂದರು. 'ನಿನಗೆ ಜ್ಞಾನಸ್ನಾನ ಆಗಿಲ್ಲದೆ ಇದ್ದರೆ' ಎಂದು ಶುರುಮಾಡಿ ನೀರು ಹಾಕುತ್ತಾರಂತೆ. ಆಗಿದ್ದರೆ ಅದು ಬರೀ ನೀರು. ಅಣ್ಣ ಪಾದ್ರಿಯಾದದ್ದನ್ನೂ ಬಿಷಪರು ಅದೇ ರೀತಿ, ಬಾಗಿಲು ಹಾಕಿಕೊಂಡು, ಇನ್ನೊಂದು 'ಇದ್ದರೆ' ಸೇರಿಸಿ ಸರಿಮಾಡುತ್ತಾರೆ ಎಂದರು.

ನೀರು ಹಾಕುವ ದಿನ ಮಾವ್ಶಿ ಹೊಸ ಸೀರೆ ಉಟ್ಟು ಬಂದಳು. ಒಬ್ಬನಿಗೆ ಕೆಂಪು, ಒಬ್ಬನಿಗೆ ನೀಲಿ ಅಂಗಿ ಎಂಬುದು ಅವಳದೇ ಆಜ್ಞೆ. ಐವತ್ತು ದಾಟಿದ ನಮ್ಮಿಬ್ಬರ ಮಣಿಕಟ್ಟನ್ನು ಒಂದೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಳು. ಅಣ್ಣನ ಬೋಳುತಲೆಯಿಂದ ನೀರು ನೇರವಾಗಿ ಅವಳ ಸೀರೆಗೆ ಇಳಿಯಿತು. ನನ್ನ ಸರದಿ ಬಂದಾಗ ಗುರುಗಳು ತಡೆದು, "ನಿಂಗೆ ಬೇಕಾ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ಬೇಕ್" ಎಂದೆ. ಇಗರ್ಜಿಯಲ್ಲಿ ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ನೀರು ತಣ್ಣಗಿತ್ತು.

ಕೆಲವು ವಾರಗಳ ಮೇಲೆ, ಬಿಷಪರ 'ಇದ್ದರೆ'ಯೂ ಮುಗಿದು, ಅಣ್ಣ ತನ್ನ ಇಗರ್ಜಿಗೆ ಮರಳಿದ. ಅವನ ಮೊದಲ ಪೂಜೆಗೆ ನಾನು ಬೆಳಗಿನ ಬಸ್ಸು ಹಿಡಿದು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತೆ. ಜನರ ಪ್ರಕಾರ ಅವನಿಗೆ ಕಾಮಾಲೆಯಾಗಿ ಗುಣವಾಗಿತ್ತು. ಪರಮಪ್ರಸಾದವನ್ನು ನನಗೂ ಅವನೇ ಕೊಟ್ಟ. ನಾನು ಆಮೆನ್ ಎಂದೆ. ಪೂಜೆ ಮುಗಿದ ಮೇಲೆ ಅವನ ಮನೆಯಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡೆವು. ಅವನು ಕೈ ತೊಳೆದವನೇ ಚಾಪೆಯ ಮೇಲೆ ಬಿದ್ದು, ಬಾಯಿ ತೆರೆದು, ಸಂಜೆಯ ತನಕ ನಿದ್ದೆ ಹೊಡೆದ.